ನಾನು ಚಿಕ್ಕಪ್ಪನನ್ನು ಯಜಮಾನ್ರೇ ಎಂದದ್ದು

ನಮ್ಮೂರು ಕೋಗಿಲಿನಲ್ಲಿ ದೊಡ್ಡಸ್ತಿಕೆಯ ಮಾತುಗಳಿಗೆ ಬರವಿರಲಿಲ್ಲ. ಬಿಸಿಲೇರುವ ತನಕ ಬಿದ್ದುಕೊಂಡಿದ್ದವನನ್ನು ‘ಏನ್ ದೊರೆ, ಎದ್ರಾ?’ ಎಂದು ಎಬ್ಬಿಸುತ್ತಿದ್ದರು. ಸೊಸೆ ಎರಡು ಮಾತು ಜೋರಾಗಿ ಆಡಿದರೆ ಅದು ದರ್ಬಾರು, ಅದನ್ನೇ ಗಂಡಸು ಆಡಿದರೆ ಪಾಳೇಗಾರಿಕೆ. ಇವೆಲ್ಲ ಬಾಯಿಚಪಲದ ಮಾತುಗಳು, ಯಾರಿಗೂ ಕೇಡಿಲ್ಲ. ‘ಯಜಮಾನ್ರು’ ಎನ್ನುವುದು ಮಾತ್ರ ಹಾಗಲ್ಲ. ಒಂದು ಮನೆಯಲ್ಲಿ ಅದು ಒಬ್ಬರಿಗೇ ಸಲ್ಲಬೇಕು, ಮತ್ತು ನಮ್ಮ ಮನೆಯಲ್ಲಿ ಅದು ಅಪ್ಪನದಾಗಿತ್ತು.

ಅಪ್ಪನ ಸಂಸಾರ, ಅವನ ತಮ್ಮನ ಸಂಸಾರ ಎರಡೂ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದವು. ಮೊದಲ ಮುದ್ದೆ ಅಪ್ಪನ ತಟ್ಟೆಗೆ ಬೀಳಬೇಕು, ಅವನು ಕೈಯಿಟ್ಟ ಮೇಲೆಯೇ ಉಳಿದವರು ಕೈಯಿಡಬೇಕು. ದ್ರಾಕ್ಷಿ ಚಪ್ಪರದ ಯಾವ ಸಾಲಿಗೆ ಕತ್ತರಿ ಹಾಕಬೇಕು, ಯಾವ ಹುಡುಗಿಯನ್ನು ಯಾವಾಗ ಕೊಡಬೇಕು, ಎಲ್ಲಕ್ಕೂ ಅವನದೇ ಕೊನೆಯ ಮಾತು. ಆ ಮಾತಿನ ಪುಣ್ಯದಿಂದಲೇ ನಾನು ಯಲಹಂಕದ ಸ್ಕೂಲಿಗೆ ನಡೆದು ಹೋಗುತ್ತಿದ್ದೆ. ಊರಿನ ಬೇರೆ ಯಾವ ಹುಡುಗಿಯೂ ಹೋಗುತ್ತಿರಲಿಲ್ಲ. ಚಿಕ್ಕಪ್ಪನಿಗೆ ಅದನ್ನು ಕಂಡರಾಗುತ್ತಿರಲಿಲ್ಲ, ಆದರೆ ಅಣ್ಣನೆದುರು ಅವನು ತುಟಿ ಬಿಚ್ಚಿದವನಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ಟೈಫಾಯ್ಡ್ ಬಂತು. ಒಳಕೋಣೆಯಲ್ಲಿ ಮಲಗಿಸಿದರು. ಮೊದಲ ವಾರ ಆಳುಗಳು ಹೊಸ್ತಿಲಾಚೆ ನಿಂತು ದಿನದ ಕೆಲಸ ಅವನನ್ನೇ ಕೇಳಿಕೊಂಡು ಹೋಗುತ್ತಿದ್ದರು. ಎರಡನೇ ವಾರ ಅವನ ಮಾತು ತೊದಲಿತು, ಅವರು ಚಿಕ್ಕಪ್ಪನನ್ನು ಕೇಳಿದರು, ‘ಚಿಕ್ಕೋರೇ’ ಎಂದೇ ಕರೆದು. ಮೂರನೇ ವಾರ ನಮ್ಮ ಹಳೆಯ ಆಳೊಬ್ಬ ಅಂಗಳದಲ್ಲಿ ನಿಂತು, ‘ಯಜಮಾನ್ರೇ, ನೀರು ಯಾವ್ ಕಡೀಕ್ ತಿರುಗಿಸ್ಲಿ?’ ಎಂದ. ಚಿಕ್ಕಪ್ಪ ತಿದ್ದಲಿಲ್ಲ. ರಾಗಿ ಕೇರುತ್ತಿದ್ದ ಅಮ್ಮನ ಮೊರ ಒಂದು ಗಳಿಗೆ ನಿಂತು ಮತ್ತೆ ಆಡಿತು.

ಅಂದು ಮೊದಲ ಮುದ್ದೆ ಚಿಕ್ಕಪ್ಪನ ತಟ್ಟೆಗೆ ಬಿತ್ತು. ಹಾಕಿದವಳು ಅಮ್ಮನೇ. ಉಸಿರಾಡುತ್ತಿರುವ ಮನುಷ್ಯನ ಮನೆಯಲ್ಲಿ ಇದೆಂಥ ಅನಿಷ್ಟ ಎನ್ನಿಸಿತು ನನಗೆ. ಆದರೂ ಉಂಡೆ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಸ್ಕೂಲು ಸಾಕು ಎಂದ. ಮನೆಯಲ್ಲಿ ಕೆಲಸಕ್ಕೆ ಕೈ ಸಾಲದು, ಓದಿದ ಹೆಣ್ಣಿಗೆ ಗಂಡು ಎಲ್ಲಿಂದ ತರುವುದು ಎಂದೆಲ್ಲ ಹೇಳಿದ. ಪರೀಕ್ಷೆಗೆ ಇನ್ನು ಹದಿನೈದೇ ದಿನ. ನಾನು ಅಳುತ್ತಾ ಕೂತೆ, ಊಟ ಬಿಟ್ಟೆ, ಚಿಕ್ಕಪ್ಪ, ಚಿಕ್ಕಪ್ಪ ಎಂದು ಕಾಲು ಹಿಡಿದೆ. ಅವನು ಜಗ್ಗಲಿಲ್ಲ. ಮೂರನೆಯ ದಿನ ನನಗೊಂದು ಬುದ್ಧಿ ಹೊಳೆಯಿತು, ಹಾಳು ಬುದ್ಧಿ. ಚಿಕ್ಕಪ್ಪ ಒಳಕೋಣೆಯ ಬಾಗಿಲ ಪಕ್ಕದಲ್ಲೇ ನಿಂತು ಪೇಟ ಸುತ್ತಿಕೊಳ್ಳುತ್ತಿದ್ದ. ನಾನು ಆಳುಗಳ ಹಾಗೆ ಕೈಕಟ್ಟಿ ಎದುರು ನಿಂತೆ.

“ಯಜಮಾನ್ರೇ, ಇಸ್ಕೂಲ್ಗೆ ಓಗ್ಲಾ?”

ಅವನ ಕೈ ಪೇಟದ ಮೇಲೆಯೇ ನಿಂತಿತು. ಆ ಮಾತನ್ನು ಆಳಿನ ಬಾಯಲ್ಲಿ ಕೇಳುವುದಕ್ಕೂ ಅಣ್ಣನ ಮಗಳ ಬಾಯಲ್ಲಿ ಕೇಳುವುದಕ್ಕೂ ಇರುವ ವ್ಯತ್ಯಾಸ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮುಖ ಅರಳಿಸಿಕೊಂಡು, ಹೋಗವ್ವ ಹೋಗು, ಪರೀಕ್ಷೆ ಬರೆದು ಬಾ ಎಂದ. ಒಳಗೆ ಮಂಚ ಕಿರಕ್ ಎಂದಿತು. ಅಪ್ಪ ಕೇಳಿಸಿಕೊಂಡಿದ್ದಾನೆ ಎಂದು ಗೊತ್ತಾಯಿತು. ನಾನು ಆ ಕಡೆ ನೋಡದೆ ಚೀಲ ಎತ್ತಿಕೊಂಡು ಓಡಿದೆ.

ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಆಸೆ ಬಿಟ್ಟಿದ್ದ ಅಪ್ಪ ಉಳಿದುಕೊಂಡ. ನನ್ನ ಪರೀಕ್ಷೆ ಮುಗಿಯುವ ಹೊತ್ತಿಗೆ ಕೋಲೂರಿಕೊಂಡು ಎದ್ದ. ಮೊದಲ ದಿನವೇ ತೋಟಕ್ಕೆ ಹೋಗಿ ಮೂಡಲ ಕಡೆಯ ಸಾಲಿಗೆ ಕತ್ತರಿ ಹಾಕಿ ಎಂದ. ಬುತ್ತಿ ಹೊತ್ತು ಹಿಂದೆ ಹೋಗಿದ್ದ ನಾನು ನೋಡುತ್ತಲೇ ಇದ್ದೆ. ಆಳುಗಳು ಹೂಂ ಎಂದು ತಲೆಯಾಡಿಸಿದರು, ಆಮೇಲೆ ಅಪ್ಪನ ಹೆಗಲಾಚೆ ನಿಂತಿದ್ದ ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಪೇಟ ಸರಿಮಾಡಿಕೊಂಡ. ಒಂದು ಕತ್ತರಿಯೂ ಅಲ್ಲಾಡಲಿಲ್ಲ. ಜಕ್ಕೂರಿನ ವಿಮಾನ ಮೈದಾನದಿಂದ ಎದ್ದ ಪುಟ್ಟ ವಿಮಾನವೊಂದು ಚಪ್ಪರದ ಮೇಲೆ ಸದ್ದು ಮಾಡುತ್ತಾ ಹೋಯಿತು. ಅಪ್ಪ ಕೋಲೂರಿಕೊಂಡು ಮನೆಗೆ ವಾಪಸಾದ.

ಅವನು ಗುಡುಗುತ್ತಾನೆ, ತಟ್ಟೆ ಎಸೆಯುತ್ತಾನೆ ಎಂದು ನಾನು ದಿನಾ ಕಾದೆ. ನನಗೆ ಎರಡೇಟು ಹಾಕಿದ್ದರೂ ಎದೆ ಹಗುರಾಗುತ್ತಿತ್ತು. ಅವನು ಚಿಕ್ಕಪ್ಪನದಾದ ಮೇಲೆ ತನ್ನ ತಟ್ಟೆಗೆ ಬಿದ್ದ ಎರಡನೇ ಮುದ್ದೆಯನ್ನು ಉಂಡು ಏಳುತ್ತಿದ್ದ.

ನಾನು ಪಾಸಾದ ಸುದ್ದಿ ತಂದ ಮಧ್ಯಾಹ್ನ ಅಪ್ಪ ಜಗಲಿಯ ಮೇಲೆ ಕೂತಿದ್ದ. ನಾನಿನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಹೆಬ್ಬಾಳದ ಕಡೆಯ ಹಿರಿಯರೊಬ್ಬರು ಗಾಡಿಯಿಂದ ಇಳಿದರು. ಮಗನಿಗೆ ಹೆಣ್ಣು ಕೇಳಿಕೊಂಡು ಬಂದಿದ್ದೇನೆ, ಈ ಮನೆಯ ಯಜಮಾನರ ಹತ್ತಿರ ಮಾತಾಡಬೇಕಿತ್ತು ಎಂದರು. ಅವರು ಅಪ್ಪನನ್ನು ಈ ಮೊದಲು ಕಂಡವರಲ್ಲ. ಯಜಮಾನ ನಾನೇ ಅನ್ನು ಅಪ್ಪ, ಇವಳು ಇನ್ನೂ ಓದಬೇಕು ಅನ್ನು ಎಂದು ನನ್ನ ಜೀವ ಒಳಗೇ ಅರಚಿಕೊಂಡಿತು. ಅಪ್ಪ ನನ್ನನ್ನೇ ನೋಡಿದ, ಬಹಳ ಹೊತ್ತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಬಂದವರ ಕಡೆ ತಿರುಗಿ ಜಗಲಿಯ ಮೇಲೆ ಅವರಿಗೆ ಜಾಗ ಬಿಟ್ಟ.

“ಯಜಮಾನ್ರು ತೋಟದಾಗವ್ರೆ, ಬತ್ತಾರೆ, ಕೂತ್ಕಳಿ,” ಎಂದ. “ಉಡ್ಗಿ ಇವ್ಳೇ.”