ಹೊತ್ತು ಮುಳುಗುವ ಮುಂಚಿನ ಓಟ

ಆ ದಿನ ಬೆಳಿಗ್ಗೆ ಎಂದಿನಂತೆ ನಾನು ಬಾವಿಯಿಂದ ನೀರು ಸೇದಿ, ಕೊಡದ ಬಾಯಿಗೆ ಬಟ್ಟೆ ಕಟ್ಟಿ ಸೋಸುತ್ತಿದ್ದೆ. ಗೋಕಾಕದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಯಜಮಾನರು ಧೋತರದ ಕಚ್ಚೆ ಬಿಗಿದು, ಕಿವಿಗೆ ಮಫ್ಲರ್ ಸುತ್ತಿ, ಕ್ಯಾನ್ವಾಸ್ ಬೂಟು ಮೆಟ್ಟಿ ಓಡಲು ಹೊರಟರು. ಯುದ್ಧಕ್ಕೆ ಹೋಗುವವರಿಗೂ ಇಷ್ಟು ತಯಾರಿ ಇರಲಿಕ್ಕಿಲ್ಲ.

ಕೆಲವು ತಿಂಗಳ ಹಿಂದೆ ಮಾಳಿಗೆಯ ಮೆಟ್ಟಿಲು ಹತ್ತುವಾಗ ಅವರು ನಡುವೆಯೇ ನಿಂತು ಗೋಡೆ ಹಿಡಿಯತೊಡಗಿದ್ದರು. "ಮೈ ಇಳಸ್ರಿ, ದಿನಾ ಸಾವಕಾಶ ಓಡ್ರಿ. ಇಲ್ಲಾಂದ್ರ ಎದಿ ತಡಿಯಾಂಗಿಲ್ಲ," ಎಂದಿದ್ದರು ಡಾಕ್ಟರು. ಅಂದಿನಿಂದ ಧುಪದಾಳದ ಕಡೆಯ ರಸ್ತೆಯಲ್ಲಿ ಓಟ. ಮೊದಮೊದಲು ಗುಣ ಕಂಡಿದ್ದೂ ಖರೆ. ಗೊರಕೆ ತಗ್ಗಿತು, ಮೆಟ್ಟಿಲ ಗೋಡೆಯ ಮೇಲೆ ಹೊಸ ಕೈಗುರುತು ಬೀಳಲಿಲ್ಲ.

ಆಮೇಲೆ ಹಸಿವು ಬಂತು. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವಂತಿಲ್ಲ. ಹಾಗಾಗಿ ಇವರು ರಾತ್ರಿ ಆಗಬಹುದಾದ ಹಸಿವನ್ನೂ, ಮರುದಿನದ ಓಟದ ಹಸಿವನ್ನೂ ಸೇರಿಸಿ ಸಂಜೆಯೇ ಉಣ್ಣತೊಡಗಿದರು. ನಾನು ಕಲಿತ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರುಗಳು ನಮ್ಮನ್ನು ಮೈದಾನದ ಸುತ್ತ ಓಡಿಸಿ, ಕೊನೆಗೆ ಒಂದು ಲೋಟ ನೀರು ಕೊಡುತ್ತಿದ್ದರು, ಅಷ್ಟೇ. ಅದನ್ನು ಹೇಳಿದರೆ, "ಅವ್ರಿಗೇನ್ ಗೊತ್ತ ಶೇಂಗಾ ಹೋಳಿಗಿ ರುಚಿ? ನಾ ಓಡತೇನಿ, ಎಲ್ಲಾ ಕರಗತೈತಿ," ಎನ್ನುವರು. ಕರಗಿದ್ದು ನನ್ನ ಬೆಣ್ಣೆಯ ಗಡಿಗೆ ಮಾತ್ರ. ಹೊಟ್ಟೆ ಮತ್ತೆ ಧೋತರದ ಗಂಟು ದಾಟಿತು. ಗೋಡೆಗೆ ಕೈಗುರುತೂ ಮರಳಿತು.

ಆ ಸಂಜೆ ಗಿರಾಕಿ ಬಿಡದೆ ತಡವಾಗಿ, ಅವರು ಟೊಪ್ಪಿಗೆ ಕೈಯಲ್ಲಿ ಹಿಡಿದು ಪೇಟೆಯುದ್ದಕ್ಕೂ ಓಡುತ್ತ ಮನೆಗೆ ಬಂದರು. ಪಡಸಾಲೆಯಲ್ಲಿ ಕುಸಿದು ಕೂತಾಗ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಸೆರಗಿನಿಂದ ಗಾಳಿ ಹಾಕತೊಡಗಿದೆ. ಅವರ ಚಿಂತೆಯೇ ಬೇರೆ.

"ಏ, ಲಗೂ ನೀಡ! ಹೊತ್ತ ಮುಣಗತೈತಿ!"

ಒಂದು ಹೋಳಿಗೆ ಬಡಿಸಿದೆ. ಎರಡು ತುತ್ತಿಗೆ ಮುಗಿಯಿತು.

"ಇನ್ನ ನಾಕ ತಾ."

"ತಡೀರಿ, ತುಪ್ಪ ಕಾಯಾಕತ್ತೈತಿ," ಎಂದು ಒಳಗೆ ಹೋದೆ. ಒಲೆ ಯಾವಾಗಲೋ ಆರಿತ್ತು. ತುಪ್ಪದ ಗಿಂಡಿಯನ್ನು ಅದರ ಮೇಲಿಟ್ಟು, ಕಿಟಕಿಯಿಂದ ಗುಡ್ಡದ ಕಡೆ ನೋಡುತ್ತ ನಿಂತೆ. ಕೊನೆಯ ಬಿಸಿಲು ನಿಧಾನವಾಗಿ ಜಾರಿತು. ಹೊರಬಂದಾಗ ಅವರು ಕೈ ತೊಳೆದುಕೊಂಡು, ನನ್ನನ್ನು ನುಂಗುವಂತೆ ನೋಡುತ್ತಿದ್ದರು. ನೋಡಲಿ, ಸಿಟ್ಟು ಮಾಡುವಷ್ಟು ಉಸಿರು ಉಳಿದಿತ್ತಲ್ಲ.

ಅಷ್ಟರಲ್ಲಿ ಬಾಜೂ ಮನೆಯಾಕೆ ಎಮ್ಮೆಗೆ ಮೇವು ಹಾಕುತ್ತಲೇ ಗೋಡೆಯಾಚೆಯಿಂದ ಕೂಗಿದಳು: "ಏನ್ರಿ ವೈನಿ, ನಿಮ್ಮವ್ರು ದಿನಾ ಮುಂಜಾನಿ ಆರಾಮ ನಡಕೊಂತ ಹೋಗ್ತಾರ, ಈಗ ನೋಡಿದ್ರ ನಾಯಿ ಬೆನ್ನ ಹತ್ತಿದಂಗ ಓಡಿ ಬಂದ್ರು! ಹೋಳಿಗಿ ಮಾಡೀರೇನು?"