ಮುಳ್ಳಿಗೆ ಸಾಣೆ ಹಿಡಿದ ಕತ್ತರಿ ಮಾವ

ಕತ್ತರಿ ಮಾವ ಅಂದ್ರೆ ನಮ್ಮ ಬೀದಿ ಕಟಿಂಗ್ ಶಾಪಿನೋರು. ಬಾಯಿಗೂ ಬೀಗ ಇಲ್ಲ, ಜೇಬಿಗೂ ಇಲ್ಲ. ಹಳೇ ರೆಕಾರ್ಡ್ ಪ್ಲೇಯರ್ ಒಂದು ಕೈಗೆ ಸಿಕ್ಕಿದ್ದೇ ತಡ, ಕೂಡಿಟ್ಟಿದ್ದನ್ನೆಲ್ಲ ಸುರಿದು ಎರಡು ಸ್ಪೀಕರ್ ತಂದ್ರು. ಒಂದೊಂದೂ ಬೀರು ಥರ. ಮನೆ ಬಾಗಿಲನ್ನೇ ಬಿಚ್ಚಿ ಒಳಗೆ ತಳ್ಳಿದ್ದು.

ಇದೆಲ್ಲ ಅವರಕ್ಕನಿಗೋಸ್ಕರ. ಅಕ್ಕ ಹುಡುಗಿಯಾಗಿದ್ದಾಗ ಒಂದೇ ಒಂದು ಗ್ರಾಮಫೋನ್ ಪ್ಲೇಟಲ್ಲಿ ಹಾಡಿದ್ರು. ಉಳಿದಿರೋದು ಅದರ ಒಂದೇ ಪ್ರತಿ, ಮಾವನ ಹತ್ರ. ಭಾನುವಾರ ಅಕ್ಕ ಅದನ್ನ ಕೇಳೋಕೆ ಬರೋರಿದ್ರು.

"ಪ್ಲೇಟ್ ಮೇಲೆ ಓಡೋ ಮುಳ್ಳು ಸವೆದಿದೆ ಕಣ್ರೀ, ಮೊದ್ಲು ಅದನ್ನ ತನ್ನಿ," ಅಂದ್ರು ಮಾವನ ಹೆಂಡ್ತಿ, ನಮಗೆಲ್ಲ ಅತ್ತೆ.

"ಕಣ್ಣಿಗೇ ಕಾಣದ ಮುಳ್ಳಿಗೆ ಯಾರಾದ್ರೂ ಅಷ್ಟು ದುಡ್ಡು ಕೊಡ್ತಾರೇನೆ? ಸ್ಪೀಕರ್ ನೋಡು, ಬಂದೋರು ಬಾಯಿ ಬಿಡ್ಬೇಕು."

"ಬರೋದು ನೋಡೋಕೋ ಕೇಳೋಕೋ? ನಿಮ್ಮಂಗಡೀಲಿ ಕುರ್ಚಿ ಮೆತ್ತಗಿದ್ರೆ ಗಡ್ಡ ತಾನೇ ಉದುರತ್ತಾ? ಕತ್ತಿ ಹರಿತ ಇರ್ಬೇಕು ತಾನೆ?"

ಮಾತು ನಾಟ್ತು, ಆದ್ರೆ ಎಲ್ಲಿ ನಾಟಬಾರದೋ ಅಲ್ಲಿ. ಕತ್ತಿ ಮೊಂಡಾದ್ರೆ ಮಾವ ಹೊಸದು ಕೊಳ್ತಾರಾ? ಸಾಣೆ ಹಿಡೀತಾರೆ. ಮಾರನೇ ದಿನ ಮುಳ್ಳನ್ನ ಬಿಚ್ಚಿ, ಸಾಣೆಕಲ್ಲಿಗೆ ಎಣ್ಣೆ ಬಿಟ್ಟು, ನಾಲಿಗೆ ಕಚ್ಕೊಂಡು ಉಜ್ಜಿದ್ರು. ಆಮೇಲೆ ಕತ್ತಿ ಮಸೆಯೋ ತೊಗಲು ಪಟ್ಟಿ ಮೇಲೂ ಎಳೆದ್ರು. ಇದ್ದ ಚೂರು ತುದಿನೂ ಹಾರಿಹೋಗಿ ಬರೀ ಲೋಹದ ಕಡ್ಡಿ ಉಳೀತು. ಮಾವನ ಕಣ್ಣಿಗೆ ಅದೇ ಫಳಫಳ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲಾ ನೋಡಿದ್ರು. ಸೆರಗು ಸಿಕ್ಕಿಸ್ಕೊಂಡು ಪ್ಲೇಟುಗಳಿದ್ದ ಮೂಲೆ ಕಡೆ ನಡೆದ್ರು.

ಮಾವ ಅಕ್ಕನ ಪ್ಲೇಟಿನ ಕವರ್ ತಗೊಂಡು, ಕನ್ನಡಕ ಕೂಡ ಹುಡುಕದೆ, ಪ್ಲೇಟು ಇಟ್ಟು ಮುಳ್ಳು ಇಳಿಸಿದ್ರು. ಬೀರು ಗಾತ್ರದ ಸ್ಪೀಕರಿಂದ ಕರ್ರ್ ಅಂತ ಬಂತು ನೋಡಿ, ಪಕ್ಕದ್ಮನೆ ನಾಯಿ ಕಟ್ಟಿದ ಹಗ್ಗ ಕಿತ್ಕೊಂಡು ಓಡ್ತು. ಪ್ಲೇಟಿನ ಮೇಲೆ ಕರೀ ಸುರುಳಿ ಸುರುಳಿ ಎದ್ದು ಬರ್ತಿದೆ, ಥೇಟ್ ಅಂಗಡಿ ನೆಲದ ಕೂದಲು.

ಮಾವ ಗಬಕ್ಕನೆ ಮುಳ್ಳು ಎತ್ತಿದ್ರು. "ಅಕ್ಕನ್ ಹಾಡು ಬೋಳಿಸಿಬಿಟ್ನಲ್ಲೇ."

"ಚೆನ್ನಾಗೇ ಬೋಳಿಸಿದ್ದೀರ. ಇನ್ನೊಂದ್ಸಲ ಸೋಪು ಹಚ್ಚಲಾ?"

ಮಾವನ ಕಣ್ಣಲ್ಲಿ ನೀರು ನೋಡಿದ ಮೇಲೇ ಅತ್ತೆ ನಿಜವಾದ ಬೀರುಗೆ ಕೈ ಹಾಕಿ, ಮಡಚಿಟ್ಟ ಬಟ್ಟೆ ನಡುವಿಂದ ಅಕ್ಕನ ಪ್ಲೇಟು ಎಳೆದ್ರು. ಮಾವ ಬೋಳಿಸಿದ್ದು, ಹೊಟ್ಟೆ ಕರಗಿಸ್ತೀನಿ ಅಂತ ತಂದು ಮೂಲೆಗೆ ಎಸೆದಿದ್ದ ವ್ಯಾಯಾಮದ ಪ್ಲೇಟು; ಕವರಲ್ಲಿ ಅದಲು ಬದಲು ಮಾಡಿದ್ದು ಅತ್ತೆ.

"ಕೊಡೇ ಇಲ್ಲಿ."

"ಆ ಸ್ಪೀಕರ್ ಬೀರುಗಳು ವಾಪಸ್ ಕೊಂಡ ಅಂಗಡಿಗೆ ಹೋಗ್ಲಿ, ಆಮೇಲೆ ಕೊಡ್ತೀನಿ."

ಬೀರುಗಳು ಹೋದ್ವು. ಒಳ್ಳೇ ಮುಳ್ಳು ಬಂತು, ಜೊತೆಗೆ ಬ್ರೆಡ್ಡಿನಷ್ಟು ದಪ್ಪದ ಪುಟ್ಟ ಸ್ಪೀಕರು.

ಭಾನುವಾರ ಅಕ್ಕ ಬಂದು ಕಣ್ಮುಚ್ಚಿ ಕೂತ್ರು. ಹುಡುಗಿ ದನಿ ರೂಮೆಲ್ಲ ತುಂಬ್ತು. ಮಾವ ಅಕ್ಕನ ಮುಖಾನೇ ನೋಡ್ತಿದ್ರು. ಹಾಡು ಮುಗೀತು. ಅಕ್ಕ ಕಣ್ಣೊರೆಸ್ಕೊಂಡು, ತಮ್ಮನ ಕಿವಿ ಹಿಡಿದ್ರು.

"ಲೋ, ನಾನು ನಡುವೆ ಶ್ರುತಿ ತಪ್ಪಿದ್ದೂ ಕೇಳಿಸ್ತಲ್ಲೋ. ಇಷ್ಟು ವರ್ಷ ಯಾರಿಗೂ ಗೊತ್ತಿರ್ಲಿಲ್ಲ. ಸ್ವಲ್ಪ ಮೊಂಡು ಮುಳ್ಳು ಸಿಗಲಿಲ್ವಾ ನಿಂಗೆ?"