ಹೊಂಬಣ್ಣದ ಬಿಯರು, ಬಿಳಿ ಕಾಲರು

ಎಂಬತ್ತರ ದಶಕದ ನಡುವಿನಲ್ಲಿ ತಿರುಪ್ಪೂರಿನಲ್ಲಿ ನಮ್ಮದೊಂದು ಸಣ್ಣ ಬನಿಯನ್ ಕಂಪನಿ ಇತ್ತು. ಮನೆಯ ಹಿಂದೆಯೇ ಶೆಡ್ಡು, ಶೆಡ್ಡಿನ ತುಂಬ ಹೊಲಿಗೆ ಯಂತ್ರಗಳ ಸದ್ದು. ಗಂಡನ ಮನೆಯವರು ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರು, ಕೈಮಗ್ಗ ಬಿಟ್ಟು ಬನಿಯನ್ನಿಗೆ ಬಂದವರು. ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದವಳು. ನನ್ನ ಕನ್ನಡ ಕೇಳಿದರೆ ರೇಡಿಯೋದಲ್ಲಿ ವಾರ್ತೆ ಓದಿದ ಹಾಗಿರುತ್ತದೆ ಎಂದು ಅತ್ತೆ ನಗುತ್ತಿದ್ದರು. ಅವರದು ಅರ್ಧಕ್ಕರ್ಧ ತಮಿಳು ಬೆರೆತ ಕನ್ನಡ. ಆದರೂ ನಮ್ಮಿಬ್ಬರಿಗೆ ಮೊದಲಿನಿಂದಲೇ ಹೊಂದಿಕೊಂಡಿತು. ಬಟ್ಟೆ ಕಂಡರೆ ಮುಟ್ಟಿ ನೋಡದೆ ಇರಲಾಗದ ಸ್ವಭಾವ ಇಬ್ಬರದೂ.

ಬಣ್ಣ ನೋಡುವುದು ನನ್ನ ಕೆಲಸ. ಯಾವ ಬಟ್ಟೆಗೆ ಯಾವ ಶೇಡು ಎಂದು ಶಾಯದ ಪಟ್ಟರೆಗೆ, ಅಂದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗೆ, ನಾನೇ ಹೋಗಿ ಒಪ್ಪಿ ಬರುತ್ತಿದ್ದೆ. ಆದರೆ ಗಿರಾಕಿಗಳು ಬಂದಾಗ ಆಫೀಸಿನಲ್ಲಿ ಕುಳಿತು ಮಾತಾಡುವವರು ನನ್ನ ಗಂಡ ಮಾತ್ರ. ನಾನು ಕಾಫಿ ಕಳಿಸಿದರೆ ಮುಗಿಯಿತು.

ನಮ್ಮಿಂದ ಬಿಳಿ ಬನಿಯನ್ ಕೊಳ್ಳುತ್ತಿದ್ದ ಬೆಲ್ಜಿಯಂನ ಒಬ್ಬರು ಒಂದು ಬೇಸಿಗೆಯಲ್ಲಿ ಹೊಸ ಬೇಡಿಕೆಯೊಂದಿಗೆ ಬಂದರು. ಅವರ ತಮ್ಮನು ಊರಲ್ಲಿ ತಾತನ ಕಾಲದ ಚಿಕ್ಕದೊಂದು ಬಿಯರ್ ಕಾರ್ಖಾನೆ ನಡೆಸುತ್ತಿದ್ದನಂತೆ. ದೊಡ್ಡ ಕಂಪನಿಗಳ ಹಾಗಲ್ಲ, ಮನೆಯವರೇ ಸೇರಿ ತಯಾರಿಸುವುದು. ಅಲ್ಲಿ ಕೆಲಸ ಮಾಡುವವರಿಗೂ ಮಾರುವವರಿಗೂ ಟೀ ಶರ್ಟು ಬೇಕು, ಅದರ ಬಣ್ಣ ಅವರ ಬಿಯರಿನ ಬಣ್ಣವೇ ಆಗಿರಬೇಕು. ಬಣ್ಣ ತೋರಿಸಲೆಂದು ಎರಡು ಬಾಟಲಿ ತಂದಿದ್ದರು. ಕೊಯಮತ್ತೂರಿನಿಂದ ಬರುವಾಗ ಕಾರಿನ ಬಿಸಿಗೆ ಒಂದು ಒಡೆದು ಅವರ ಅಂಗಿಗಳೆಲ್ಲ ತೊಯ್ದಿದ್ದವು. ಉಳಿದದ್ದು ಒಂದೇ. ಬಾಟಲಿ ಕಡುಕಂದು ಗಾಜಿನದು, ತೆರೆಯದೆ ಬಣ್ಣ ಕಾಣುವಂತಿರಲಿಲ್ಲ.

ಹೋಟೆಲಿನ ಕೋಣೆಯಲ್ಲೇ ತೆರೆದು ನೋಡಿ ಬರುತ್ತೇನೆ ಎಂದರು ನನ್ನ ಗಂಡ. ಬಣ್ಣ ಒಪ್ಪಬೇಕಾದವಳು ನಾನು, ನಾನು ನೋಡದೆ ಆಗುವುದಿಲ್ಲ ಎಂದೆ. ಹಾಗಾದರೆ ಮನೆಯಲ್ಲೇ ತೆರೆಯಬೇಕು. ಅಮ್ಮನಿಗೆ ಹೇಳುವುದು ಹೇಗೆ ಎಂದು ಅವರಿಗೆ ಅಳುಕು. ನಾನೇ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅತ್ತೆ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ.

"ಶಾಯಕ್ಕೆ ತಾನೆ ಅಮ್ಮಿಣಿ? ಇಲ್ಲೇ ತೆಗೀಲಿ. ಸಾಮಿ ರೂಮಿನ ಕದ ಮಾತ್ರ ಸಾತ್ತಿಬಿಡು," ಎಂದರು.

ಮಗಳನ್ನು ಕರೆಯುವ ಹಾಗೆ ನನ್ನನ್ನು ಅವರು ಅಮ್ಮಿಣಿ ಎಂದೇ ಕರೆಯುತ್ತಿದ್ದರು. ಕದ ಮುಚ್ಚಿದೆ. ಬಾಟಲಿ ಫ್ರಿಜ್ಜಿನಲ್ಲಿ ತಣ್ಣಗಾಗಿತ್ತು. ಸಂಜೆಗೆ ಮೊದಲೇ ಬನ್ನಿ, ಬಿಸಿಲಿರುವಾಗಲೇ ನೋಡಬೇಕು ಎಂದು ಗಿರಾಕಿಗೆ ಹೇಳಿ ಕಳಿಸಿದ್ದೆ. ಅವರು ಬಂದು, ಕಾಲುಚೀಲದಲ್ಲಿ ಸುತ್ತಿ ತಂದಿದ್ದ ಗುಂಡುಹೊಟ್ಟೆಯ ಗಾಜಿನ ಲೋಟವನ್ನು ಕಿಟಕಿಯ ಹತ್ತಿರ ಇಟ್ಟರು. ತಂತಿ ಬಿಚ್ಚಿ ಬಿರಡೆ ಎಳೆದಾಗ ಪಟಾಕಿಯಂತೆ ಸದ್ದಾಯಿತು. ಲೋಟ ಓರೆ ಮಾಡಿ ನಿಧಾನವಾಗಿ ಸುರಿದರು. ತಳದಲ್ಲಿ ಸ್ವಲ್ಪ ಹಾಗೇ ಬಿಟ್ಟು ಬಾಟಲಿಯನ್ನು ಪಕ್ಕಕ್ಕಿಟ್ಟರು.

ಅದು ಅರಿಸಿನದ ಹಳದಿಯಲ್ಲ, ಎಣ್ಣೆಯ ಹಳದಿಯೂ ಅಲ್ಲ. ನಮ್ಮ ಊರ ಕಡೆ ಹಳದಿ ಗೂಡಿನಿಂದ ಬಿಚ್ಚಿದ ರೇಷ್ಮೆ ನೂಲನ್ನು ಬಿಸಿಲಿಗೆ ಹಿಡಿದರೆ ಹೇಗೆ ಹೊಳೆಯುತ್ತದೋ ಹಾಗಿತ್ತು. ಕೆಳಗಿನಿಂದ ಸಣ್ಣ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದವು. ಮೇಲೆ ಬೆರಳು ದಪ್ಪದ ನೊರೆ, ಅಚ್ಚ ಬಿಳಿ.

ನನ್ನ ಗಂಡ ಮರ್ಯಾದೆಗೆ ಒಂದು ಗುಟುಕು ಕುಡಿದು ಮುಖ ಕಿವುಚಿದರು. ಗಿರಾಕಿ ಲೋಟವನ್ನು ನನ್ನ ಕಡೆ ಅರ್ಧ ಚಾಚಿ, ತಪ್ಪಾಯಿತೇನೋ ಎಂದು ನಿಲ್ಲಿಸಿದರು. ನಾನು ತೆಗೆದುಕೊಂಡೆ.

ಮೊದಲು ನಾಲಿಗೆಗೆ ಚುರುಚುರು. ಆಮೇಲೆ ಊಟಿಯಿಂದ ಬರುವ ಪೇರ್ ಹಣ್ಣಿನ ಸಿಹಿ, ಅದರ ಬೆನ್ನಿಗೆ ಲವಂಗ. ಸಿಹಿ ಉಳಿಯುತ್ತದೆ ಎಂದುಕೊಳ್ಳುವಷ್ಟರಲ್ಲಿ ಅದು ಮಾಯವಾಗಿ ಮೆಂತ್ಯ ಕಡಿದ ಹಾಗೆ ತೆಳು ಕಹಿ. ಬಾಯಿ ಒಣಗಿ ಇನ್ನೊಂದು ಗುಟುಕು ಬೇಕೆನಿಸಿತು, ಕುಡಿದೆ. ಆಗ ಮೆಣಸಿನ ಕಷಾಯ ಕುಡಿದಂತೆ ಎದೆಯಲ್ಲಿ ಬಿಸಿ ಹರಡಿತು. ಇದನ್ನೆಲ್ಲ ಕಾಲೇಜಿನಲ್ಲಿ ಕಲಿತ ನನ್ನ ಇಂಗ್ಲಿಷಿನಲ್ಲಿ ಅವರಿಗೆ ಹೇಳಿದೆ. ಅವರು ಕುರ್ಚಿ ಮುಂದಕ್ಕೆಳೆದು ಇನ್ನೊಮ್ಮೆ ಹೇಳಿ ಎಂದರು. ಲವಂಗ ಹಾಕಿಲ್ಲ, ಹಣ್ಣೂ ಹಾಕಿಲ್ಲ, ಹುಳಿ ಬರಿಸುವ ಯೀಸ್ಟೇ ಆ ವಾಸನೆ ಕೊಡುವುದು ಎಂದು ವಿವರಿಸಿದರು. ಬಾಯಿಗೆ ಹಗುರಾಗಿರಲೆಂದು ಸಕ್ಕರೆ ಸೇರಿಸುತ್ತಾರಂತೆ. ನೋಡಲು ಸಾಧುವಾಗಿದೆ ಎಂದು ನಂಬಿದವರು ಎರಡನೆಯ ಲೋಟಕ್ಕೆ ಕುರ್ಚಿ ಬಿಟ್ಟು ಏಳಲಾರರಂತೆ.

"ನನಗೂ ಕೊಂಚ ಊತ್ತು," ಎಂದರು ಅತ್ತೆ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ನನ್ನ ಗಂಡ ನೆಲ ನೋಡಿದರು. ನಾನು ಸ್ಟೀಲ್ ಲೋಟಕ್ಕೆ ಸ್ವಲ್ಪ ಸುರಿದು ಕೊಟ್ಟೆ. ಚಿಕ್ಕವರಿದ್ದಾಗ ತವರಿನ ತೋಟದಲ್ಲಿ ಕಳ್ಳು ಕುಡಿದಿದ್ದವರು ಅವರು. ಮೂಸಿದರು, ಕುಡಿದರು, ಯೋಚಿಸಿದರು.

"ಇದು ಕಳ್ಳಿನ ತಂಗಚ್ಚಿಯೇ. ಆದರೆ ಇವಳನ್ನ ಇಸ್ಕೂಲಿಗೆ ಕಳಿಸಿ ಚೆನ್ನಾಗಿ ಓದಿಸವ್ರೆ."

ನಾನು ಇಂಗ್ಲಿಷಿನಲ್ಲಿ ಹೇಳಿದಾಗ ಗಿರಾಕಿ ಬಹಳ ಹೊತ್ತು ನಕ್ಕರು, ತಮ್ಮನಿಗೆ ಇದನ್ನೇ ಹೇಳುತ್ತೇನೆ ಎಂದರು.

ಲೋಟ ನೋಡುತ್ತಿದ್ದಂತೆ ನನಗೆ ಒಂದು ಹೊಳೆಯಿತು. ಬರೀ ಹೊಂಬಣ್ಣ ಹಾಕಿದರೆ ಅದು ಹಳದಿ ಅಂಗಿ, ಅಷ್ಟೇ. ಕಾಲರು, ತೋಳಿನ ಪಟ್ಟಿ ಬಿಳಿಯಾಗಿದ್ದರೆ ಅದು ನೊರೆ ತುಂಬಿದ ಬಿಯರು. ಕೇಳಿದ್ದಷ್ಟೇ ಮಾಡೋಣ ಎಂದು ನನ್ನ ಗಂಡ ಮೆಲ್ಲಗೆ ಕನ್ನಡದಲ್ಲಿ ಹೇಳಿದರು. ನಾನು ಗಿರಾಕಿಗೆ ಹೇಳಿಯೇಬಿಟ್ಟೆ. ಅವರು ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು ನೋಡಿ, ನಾಳೆ ಸಂಜೆ ಹೊರಡುವುದರೊಳಗೆ ಸ್ಯಾಂಪಲ್ ಬೇಕು ಎಂದರು.

ಉಳಿದ ಬಿಯರನ್ನು ನನ್ನ ಗಂಡ ಗಾಜಿನ ಭರಣಿಗೆ ತುಂಬಿಸಿಟ್ಟರು, ಬಾಟಲಿಯ ತಳದಲ್ಲಿದ್ದದ್ದನ್ನೂ ಸೇರಿಸಿ. ಬೆಳಿಗ್ಗೆ ಸ್ಕೂಟರಿನಲ್ಲಿ ಅದನ್ನು ಪಟ್ಟರೆಗೆ ಒಯ್ದೆವು. ಶಾಯದ ಮೇಸ್ತ್ರಿ ಭರಣಿ ನೋಡಿ ಬಣ್ಣ ಕಲಸಿದರು, ತುಂಡುಬಟ್ಟೆ ಅದ್ದಿ ಒಣಗಿಸಿದರು. ಅದು ಭರಣಿಗೆ ಸರಿಯಾಗಿಯೇ ಹೊಂದಿತ್ತು. ನನ್ನ ಗಂಡನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ.

"ಇದು ನಿನ್ನೆ ನೋಡಿದ ಬಣ್ಣ ಅಲ್ಲ," ಎಂದೆ.

"ಬಿಯರು ಇಲ್ಲೇ ಇದೆಯಲ್ಲ, ಪಕ್ಕದಲ್ಲಿಟ್ಟು ನೋಡು," ಎಂದರು ನನ್ನ ಗಂಡ.

"ಇದರಲ್ಲಿ ತಳದ ಮಡ್ಡಿ ಕಲೆತಿದೆ. ಅವರು ಅದನ್ನು ಬಾಟಲಿಯಲ್ಲೇ ಬಿಟ್ಟಿದ್ದರು. ಭರಣಿ ಆಚೆ ಇಡಿ, ನನ್ನ ಕಣ್ಣಲ್ಲಿ ಇದೆ."

ಮೇಸ್ತ್ರಿ ಒಪ್ಪಿದರು. ಕೆಂಪನ್ನು ಕಡಿಮೆ ಮಾಡಿ ಎಂದೆ. ಒಂದು ಪೇಲವವಾಯಿತು, ಇನ್ನೊಂದು ನಿಂಬೆಹಣ್ಣಾಯಿತು. ಪ್ರತಿಸಲ ಬಟ್ಟೆ ಒಣಗುವ ತನಕ ಕಾದು, ಬಿಸಿಲಿಗೆ ಹಿಡಿದು ಬೇಡ ಎನ್ನುತ್ತಿದ್ದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಒಂದು ತುಂಡು ಕೈಗೆ ಬಂತು. ಅದನ್ನು ನೋಡಿದಾಗ ಯೋಚಿಸಬೇಕಾಗಲಿಲ್ಲ.

ಬಿಳಿ ಕಾಲರು ಹೊಲಿದು ಸಂಜೆಗೆ ಒಂದು ಅಂಗಿ ಸಿದ್ಧವಾಯಿತು. ಗಿರಾಕಿ ಅದನ್ನು ಕಿಟಕಿಯ ಹತ್ತಿರ ಒಯ್ದು ತಿರುಗಿಸಿ ತಿರುಗಿಸಿ ನೋಡಿದರು. ಪಕ್ಕದಲ್ಲಿಟ್ಟು ನೋಡಲು ಮಡ್ಡಿ ಕಲೆಯದ ಬಿಯರ್ ಅವರ ಬಳಿಯೂ ಇರಲಿಲ್ಲ. ಆದರೆ ಹುಟ್ಟಿದಾಗಿನಿಂದ ಆ ಬಣ್ಣ ನೋಡಿದವರು. ಇದೇ ಎಂದರು. ಅಂಗಿಯನ್ನು ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿಟ್ಟುಕೊಂಡು ಹೊರಟರು.

ಆರ್ಡರು ಬಂತು, ಸರಕೂ ಹೋಯಿತು. ಯಾರೂ ಹೇಳದೆಯೇ ನನ್ನ ಗಂಡ ಆಫೀಸಿನಲ್ಲಿ ತಮ್ಮ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕಿಸಿದರು. ಅದರಲ್ಲಿ ಕುಳಿತು ನಾನು ಮಾಡಿದ ಮೊದಲ ಕೆಲಸವೆಂದರೆ, ಬೇರೊಬ್ಬ ಗಿರಾಕಿ ಕೇಳಿದ ನೀಲಿ ನಮ್ಮೂರಿನ ಗಡಸು ನೀರಿನಲ್ಲಿ ಬರುವುದಿಲ್ಲ, ಬರುತ್ತದೆ ಎಂದು ಹೇಳುವವರನ್ನು ನಂಬಬೇಡಿ ಎಂದು ನೇರವಾಗಿ ಹೇಳಿದ್ದು.